ಹುಣಸೆಹಣ್ಣಿನಲ್ಲಿ ತೊಳೆದ ತೋಟಾ

ಹಬ್ಬ ಹತ್ತಿರ ಬಂತೆಂದರೆ ಬೇರೆಯವರಿಗೆ ಹೋಳಿಗೆ ನೆನಪಾಗುತ್ತದೆ, ನನಗೆ ಹಿತ್ತಾಳೆ. ವರಮಹಾಲಕ್ಷ್ಮಿಗೆ ಎರಡು ದಿನ ಇರುವಾಗ ಜೆ.ಪಿ. ನಗರದ ನಮ್ಮ ಮನೆಯ ಅಟ್ಟದಿಂದ ಒಂದು ಗೋಣಿಚೀಲ ಕೆಳಗಿಳಿಯುತ್ತದೆ. ಅದರೊಳಗೆ ದೀಪದ ಕಂಬಗಳು, ಪಂಚಪಾತ್ರೆ, ಗಂಟೆ, ಆರತಿ ತಟ್ಟೆ, ಮದುವೆಗೆ ಯಾರೋ ಕೊಟ್ಟ ನವಿಲು, ಆ ನವಿಲಿನ ಮುರಿದ ಕಾಲು. ವರ್ಷವಿಡೀ ಕಪ್ಪಿಟ್ಟು ಮಲಗಿದ್ದ ಇವನ್ನೆಲ್ಲ ಬೆಳಗುವ ಜವಾಬ್ದಾರಿ ನಾನು ಬ್ಯಾಂಕಿನಿಂದ ನಿವೃತ್ತನಾದ ವರ್ಷವೇ ನನ್ನ ಹೆಗಲೇರಿತು. ಬಟ್ಟಲಲ್ಲಿ ನೆನೆದ ಹುಣಸೆಹಣ್ಣು, ಪಕ್ಕದಲ್ಲಿ ಉಪ್ಪು, ನವಿಲಿನ ಗರಿಗಳ ಸಂದಿಗೆಂದು ಹಲ್ಲುಜ್ಜಿ ಬಿಟ್ಟ ಬ್ರಷ್ಷು, ಕೂರಲು ಹಿತ್ತಲಿನ ಒಗೆಯುವ ಕಲ್ಲು. ಗಂಟೆಯನ್ನು ಎಷ್ಟು ತಿಕ್ಕಿದರೂ ಅದರ ಕಂಠದಲ್ಲೊಂದು ಕಪ್ಪು ಗೆರೆ ಉಳಿದೇ ಉಳಿಯುತ್ತದೆ. ಹೆಂಡತಿ ಬಂದು ಮೊದಲು ನೋಡುವುದೂ ಅದನ್ನೇ.

ಹಾಗೆ ಕೈಯೆಲ್ಲ ಹುಳಿಯಾಗಿ ಕೂತಿದ್ದಾಗ ಜಯನಗರ ಒಂಬತ್ತನೇ ಬ್ಲಾಕಿನಿಂದ ಅಕ್ಕನ ಫೋನು. ಮೂಗಿನ ತುದಿಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

"ಏನ್ಮಾಡ್ತಿದೀಯೋ?"

"ಹಿತ್ತಾಳೆ ಬೆಳಗ್ತಿದೀನಿ."

"ಅವನೂ ಅದೇ ಮಾಡ್ತಿದಾನಂತೆ ಕಣೋ, ಗ್ಯಾರೇಜಲ್ಲಿ ಕೂತು. ಹುಣಸೆಹಣ್ಣು ಹಾಕಬಹುದಾ ಅಂತ ಕೇಳ್ದ."

ಅವನು ಎಂದರೆ ಅಕ್ಕನ ಮಗ, ಟೆಕ್ಸಾಸಿನಲ್ಲಿ ಇಂಜಿನಿಯರು. ನನ್ನ ಕಣ್ಣು ತುಂಬಿ ಬಂತು. ಕಡಲಾಚೆ ಹೋದರೂ ಹುಡುಗ ಹಬ್ಬ ಬಿಟ್ಟಿಲ್ಲವಲ್ಲ ಎಂದು ನಾಲ್ಕು ಮಾತು ಹೊಗಳಿಯೂ ಬಿಟ್ಟೆ. ಅಕ್ಕ ಪೂರ್ತಿ ಕೇಳಿಸಿಕೊಂಡು, "ದೀಪ ಅಲ್ಲವೋ, ತೋಟಾ" ಎಂದಳು.

ತೋಟಾ. ಬಂದೂಕಿಗೆ ಹಾಕುವ ತೋಟಾ. ಹಾರಿಸಿದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ಕೊಳವೆಯನ್ನು ಎತ್ತಿಟ್ಟುಕೊಂಡು, ತೊಳೆದು, ಅಳತೆಗೆ ತಂದು, ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಮೇಲೊಂದು ಗುಂಡನ್ನು ಕೂರಿಸಿ ಮತ್ತೆ ಹಾರಿಸುವುದು ಅಲ್ಲಿ ಒಂದು ಹವ್ಯಾಸವಂತೆ. ತನ್ನ ಬಳಕೆಗೆ ಮಾಡಿಕೊಳ್ಳುವವನಿಗೆ ಅಮೆರಿಕದ ಕೇಂದ್ರ ಸರ್ಕಾರದ ಲೈಸೆನ್ಸೂ ಬೇಕಿಲ್ಲ, ಮಾರುವುದಾದರೆ ಬೇಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಬ್ಯಾಂಕಿನವನಾದ ನನಗೆ ಮೊದಲು ಹೊಳೆದದ್ದು ಕಾಯ್ದೆಯೇ. ಹುಡುಗನ ಕೈಬೆರಳುಗಳು ಹೊಳೆದದ್ದು ಆಮೇಲೆ.

ಈ ಹುಚ್ಚಿಗೆ ಬೀಜ ಬಿತ್ತಿದ್ದು ಮಾತ್ರ ಜಯನಗರದಲ್ಲೇ, ಅದೂ ನಾನೇ ಕೊಡಿಸಿದ ಪುಸ್ತಕ. ಕೆನೆತ್ ಆಂಡರ್ಸನ್‌ನ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ 'ಕಾಡಿನ ಕತೆಗಳು'. ಮೊದಲ ಭಾಗ 'ಬೆಳ್ಳಂದೂರಿನ ನರಭಕ್ಷಕ'. ಹುಡುಗನಿಗೆ ಗೊತ್ತಿದ್ದ ಬೆಳ್ಳಂದೂರು ಹೊರ ವರ್ತುಲ ರಸ್ತೆಯದು. ಅಷ್ಟು ಟ್ರಾಫಿಕ್ಕಿನಲ್ಲಿ ಹುಲಿ ರಸ್ತೆ ದಾಟಿದ್ದು ಹೇಗೆ ಎಂದು ಕೇಳಿದ್ದ. ಅದು ಬೇರೆ ಬೆಳ್ಳಂದೂರು ಎಂದು ತಿಳಿದ ಮೇಲೆ ಸ್ವಲ್ಪ ದಿನ ಬೇಸರದಲ್ಲಿದ್ದ. ಆದರೆ ಆಂಡರ್ಸನ್ ನಮ್ಮೂರಿನವನೇ ಎಂಬುದು ಅವನಿಗೆ ದೊಡ್ಡ ಸಮಾಧಾನ. 1910ರಲ್ಲಿ ಹುಟ್ಟಿ 1974ರಲ್ಲಿ ತೀರಿಕೊಂಡ ಆಂಡರ್ಸನ್ ಎಚ್‌ಎಎಲ್‌ನಲ್ಲಿ ಕೆಲಸದಲ್ಲಿದ್ದ ಮನುಷ್ಯ. ನಾವೀಗ ಸಿಗ್ನಲ್ಲುಗಳಲ್ಲಿ ಕೊಳೆಯುವ ಬನ್ನೇರುಘಟ್ಟ ರಸ್ತೆಯ ಆಚೆಗಿನ ಕಾಡುಗಳಲ್ಲಿ ಅಲೆದವನು. ಅವನ ಕೈಯಲ್ಲಿದ್ದದ್ದು 1895ರ ಮಾದರಿಯ ವಿಂಚೆಸ್ಟರ್ ಬಂದೂಕು, .405 ತೋಟಾದ್ದು. ಅಮೆರಿಕದ ಅಧ್ಯಕ್ಷನಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಬೇಟೆಗೆ ಹೋದಾಗ ಒಯ್ದದ್ದೂ ಅದೇ ಜಾತಿಯದು.

ಟೆಕ್ಸಾಸಿನಲ್ಲಿ ಸಂಬಳ ಕೈಗೆ ಬಂದಮೇಲೆ ನಮ್ಮ ಹುಡುಗ ಹುಡುಕಿ ಹುಡುಕಿ ಕೊಂಡದ್ದು ಅಂಥದೇ ಒಂದು ಹಳೆಯ ಬಂದೂಕನ್ನು. ಬೇರೆಯವರ ಮಕ್ಕಳು ಕಾರು ಕೊಂಡು ಫೋಟೋ ಕಳಿಸುತ್ತಾರೆ. ಇವನು ಕಳಿಸಿದ ಫೋಟೋವನ್ನು ಅಕ್ಕ ಯಾರಿಗೂ ತೋರಿಸಲಾರದೆ ಒದ್ದಾಡಿದಳು. ಹುಲಿ, ಚಿರತೆ ಎಲ್ಲ ಇಲ್ಲ, ಅವನು ಹೊಡೆಯುವುದು ಕಾಗದಕ್ಕೆ, ಅದೂ ಶನಿವಾರ ಮಾತ್ರ. ಆ ಬಂದೂಕಿನ ತೋಟಾಗಳು ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೆ ಬೆಲೆ ಕೇಳುವ ಹಾಗಿಲ್ಲ. ಹಾಗಾಗಿ ಸ್ವಂತ ಅಡುಗೆ.

ನಾನು ಅಕ್ಕನಿಗೆ ಧೈರ್ಯ ಹೇಳಬೇಕಿತ್ತು. ಆದರೆ ನಮ್ಮಿಬ್ಬರಿಗೂ ನೆನಪಾದದ್ದು ತೀರ್ಥಹಳ್ಳಿ ಕಡೆಯ ಅಜ್ಜನ ಮನೆ. ಅಲ್ಲಿ ಎರಡು ಕೋವಿಗಳಿದ್ದವು. ಒಂದು ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ, ಇನ್ನೊಂದು ಚಿಕ್ಕಜ್ಜನ ತೋಟಾ ಕೋವಿ. ಅಜ್ಜ ಕೇಪಿನ ಕೋವಿಗೆ ಮದ್ದು ಅಳೆಯುತ್ತಿದ್ದುದು ಬೆರಳಿನಲ್ಲಿ. ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜ ಇಳಿಸಿ, ಹೊರಗುಳಿದ ಗಜದ ಪಕ್ಕ ಬೆರಳು ಹಿಡಿದು, "ಹೂಂ, ಸಾಕು" ಎನ್ನುತ್ತಿದ್ದರು. ಹಂದಿಗೆ ಇಷ್ಟು ಬೆರಳು, ಮಂಗ ಓಡಿಸಲು ಇಷ್ಟು ಬೆರಳು. ಅಜ್ಜನ ಬೆರಳೋ, ಅಡಕೆ ಸುಲಿದು ಸುಲಿದು ಬಾಳೆಕಾಯಿ ಗಾತ್ರ. ಅದೇ ಲೆಕ್ಕವನ್ನು ಚಿಕ್ಕಜ್ಜನ ಸಣಕಲು ಬೆರಳಿನಲ್ಲಿ ಮಾಡಿದರೆ ಈಡು ಅರ್ಧಕ್ಕಿಳಿಯುತ್ತಿತ್ತು. ಆದರೂ ಇಬ್ಬರೂ ಬದುಕಿ ಬಾಳಿದ್ದಕ್ಕೆ ಕಾರಣ ಕರಿಮದ್ದು. ಗಂಧಕ, ಇದ್ದಿಲು, ಪೆಟ್ಲುಪ್ಪಿನ ಆ ಹಳೇ ಮದ್ದು ಹೊಗೆ ಜಾಸ್ತಿ ಬಿಡುತ್ತದೆ, ಒತ್ತಡ ಕಡಿಮೆ ಹುಟ್ಟಿಸುತ್ತದೆ. ಬೆರಳಿನಷ್ಟು ತಪ್ಪನ್ನು ಸಹಿಸಿಕೊಳ್ಳುವ ಸ್ವಭಾವ ಅದರದು.

ಹೊಗೆಯಿಲ್ಲದ ಹೊಸ ಮದ್ದಿಗೆ ಆ ಸಹನೆ ಇಲ್ಲ. ಅದನ್ನು ತಿಳಿಯಲು ನಮಗೆ ಪುಸ್ತಕ ಬೇಕಿರಲಿಲ್ಲ, ಊರಿನಲ್ಲಿ ಒಬ್ಬರ ಎಡಗೈ ಇತ್ತು. ಅವರು ಪ್ರಾಯದಲ್ಲಿ ಎಲ್ಲಿಂದಲೋ ಬಂದ ತೋಟಾಗಳನ್ನು ಒಡೆದು ಅದರ ಮದ್ದನ್ನು ಕೇಪಿನ ಕೋವಿಗೆ ಹಾಕಿದರಂತೆ, ಅದೇ ಬೆರಳ ಲೆಕ್ಕದಲ್ಲಿ. ನಳಿಗೆ ಸೀಳಿತು. ಉಳಿದ ಮೂರು ಬೆರಳಿನಲ್ಲಿ ಅವರು ಇಸ್ಪೀಟು ಹಂಚುತ್ತಿದ್ದ ವೇಗವನ್ನು ನಾನು ಐದು ಬೆರಳಿನವರಲ್ಲಿ ಕಂಡಿಲ್ಲ. ಹಬ್ಬದ ರಾತ್ರಿ ಜಗಲಿಯಲ್ಲಿ ಅವರ ಪಕ್ಕ ಕೂತು ಆ ಕೈಯನ್ನೇ ನೋಡುತ್ತಿದ್ದೆ. "ಏನು ನೋಡ್ತೀಯ, ಎಲೆ ನೋಡು" ಎಂದು ಗದರುತ್ತಿದ್ದರು.

ಚಿಕ್ಕಜ್ಜನ ತೋಟಾ ಕೋವಿಯದು ಬೇರೆ ಪುರಾಣ. ಕಾಗದದ ಮೈ, ಹಿತ್ತಾಳೆಯ ಬುಡದ ತೋಟಾಗಳು ಮಲೆನಾಡಿನ ಮಳೆಗೆ ಉಬ್ಬಿ ಕೋವಿಯೊಳಗೆ ಹೋಗುತ್ತಲೇ ಇರಲಿಲ್ಲ. ಅವನ್ನು ಅವರು ಹಪ್ಪಳದ ಡಬ್ಬಿಯಲ್ಲಿ ಇಡುತ್ತಿದ್ದರು. ಹಪ್ಪಳ ಮೆತ್ತಗಾದರೂ ಅಡ್ಡಿಯಿಲ್ಲ, ತೋಟಾ ಆಗಬಾರದು. ಇನ್ನು ಮಳೆಗಾಲ ಕಳೆದು ಕೋವಿ ಕೆಳಗಿಳಿಸಿದಾಗ ಮೊದಲ ಕೆಲಸ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡುವುದು. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ನಳಿಗೆಗಿಂತ ಒಳ್ಳೆಯ ಮನೆ ಬೇರೆಲ್ಲಿದೆ? ಒಳಗೆ ಚಿಟಿಕೆ ಮಣ್ಣು ಗಟ್ಟಿಯಾಗಿದ್ದರೂ ಹಿಂದಿನಿಂದ ನುಗ್ಗಿದ ಚರೆಗೆ, ಗಾಳಿಗೆ ದಾರಿಯಿಲ್ಲದೆ ನಳಿಗೆ ಒಡೆಯುತ್ತದೆ. ಚಿಕ್ಕಜ್ಜ ನೋಡಿದ ಮೇಲೆ ನನ್ನ ಕೈಗೂ ಕೊಟ್ಟು "ನಿಂಗೆ ಚಂದ್ರ ಕಾಣ್ತದಾ?" ಎಂದು ಕೇಳುತ್ತಿದ್ದರು. ಆಚೆ ತುದಿಯಲ್ಲಿ ದುಂಡಗಿನ ಬೆಳಕು. ಕಾಣುತ್ತದೆ ಎಂದರೆ ಕೋವಿ ಗೋಡೆಗೆ. ನಾನು ಕೋವಿಮನೆತನದವನು ಎಂದು ಆಫೀಸಿನಲ್ಲಿ ಜಂಬ ಕೊಚ್ಚುತ್ತಿದ್ದುದಕ್ಕೆ ಇರುವ ಬಂಡವಾಳ ಇಷ್ಟೇ, ಚಂದ್ರನನ್ನು ನೋಡಿದ್ದು. ಈಡಿನ ಸದ್ದಾದಾಗ ನಾನಿರುತ್ತಿದ್ದುದು ಬಚ್ಚಲುಮನೆಯಲ್ಲಿ.

ಈ ಎಲ್ಲ ನೆನಪಿನ ಜೊತೆಗೆ ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಮನೆಗೆ ಹೋಗಿ, ವಿಡಿಯೋ ಕಾಲಿನಲ್ಲಿ ಹುಡುಗನನ್ನು ವಿಚಾರಣೆಗೆ ಕೂರಿಸಿದೆವು. ಅಲ್ಲಿ ಶನಿವಾರ ರಾತ್ರಿ. ಮೇಜು ತೋರಿಸಿದ. ಮೇಜಿನ ಮೇಲೆ ಒಂದೇ ಒಂದು ಮದ್ದಿನ ಡಬ್ಬಿ. ಎರಡನೆಯದು ಕಪಾಟಿನಲ್ಲಿ, ಬೀಗದೊಳಗೆ. ಎರಡು ಜಾತಿ ಮದ್ದು ಒಟ್ಟಿಗೆ ಹೊರಗೆ ಬರಕೂಡದಂತೆ. ಟಿವಿ ಇಲ್ಲ, ಹಾಡಿಲ್ಲ. ಮರದ ಹಲಗೆಯ ತೂತುಗಳಲ್ಲಿ ತೋಟಾಗಳು ಬಾಯಿ ತೆರೆದು ಸಾಲಾಗಿ ನಿಂತಿದ್ದವು. ಮದ್ದು ಹಾಕಿಯಾದ ಮೇಲೆ ಟಾರ್ಚು ಹಿಡಿದು ಪ್ರತಿಯೊಂದರ ಒಳಗೂ ಇಣುಕುತ್ತಾನೆ, ಎಲ್ಲದರಲ್ಲೂ ಮಟ್ಟ ಒಂದೇ ಇದೆಯೇ ಎಂದು. ಒಂದಕ್ಕೆ ಎರಡು ಸಲ ಬಿದ್ದರೆ ಬಂದೂಕು ಹೋಗುತ್ತದೆ, ಜೊತೆಗೆ ಮುಖವೂ. ಹಾಕುವುದೇ ಮರೆತರೆ ಕೇಪಿನ ಬಲಕ್ಕೆ ಗುಂಡು ಅರ್ಧ ದಾರಿ ಹೋಗಿ ನಳಿಗೆಯಲ್ಲಿ ಕೂತುಬಿಡುತ್ತದೆ, ಮುಂದಿನದು ಅದಕ್ಕೆ ಡಿಕ್ಕಿ ಹೊಡೆಯುತ್ತದೆ. "ಕಣಜದ ಗೂಡು" ಎಂದೆ. ಅವನಿಗೆ ಅರ್ಥವಾಗಲಿಲ್ಲ, ಅಕ್ಕನಿಗೆ ಆಯಿತು.

"ಒತ್ತಡ ಅಂದ್ರೆ ಎಷ್ಟೋ?" ಎಂದಳು ಅಕ್ಕ. ಗಣಿತದ ಮೇಡಂ ಆಗಿ ನಿವೃತ್ತಳಾದವಳು, ಸಂಖ್ಯೆ ಬಾರದೆ ಸಮಾಧಾನವಿಲ್ಲ. ಅವನು ಅಡುಗೆಮನೆಯ ಭಾಷೆಯಲ್ಲೇ ಹೇಳಿದ. ನಿನ್ನ ಕುಕ್ಕರಿನೊಳಗೆ ಹೊರಗಿನ ಗಾಳಿಗಿಂತ ಹೆಚ್ಚಾಗಿ ಚದರ ಅಂಗುಲಕ್ಕೆ ಹದಿನೈದು ಪೌಂಡು, ಅಷ್ಟಾದರೆ ವಿಷಲ್ ಕೂಗುತ್ತದೆ. ಇಲ್ಲಿ ಬೇಟೆಗಾರರು ಬಹಳ ಬಳಸುವ .30-06 ಎಂಬ ತೋಟಾಕ್ಕೆ ಗೊತ್ತುಮಾಡಿದ ಮಿತಿ 60,000 ಪೌಂಡು. ಅಂದರೆ ನಾಲ್ಕು ಸಾವಿರ ಕುಕ್ಕರು, ಒಂದರೊಳಗೊಂದು, ಅದೂ ಕಣ್ಣು ಮಿಟುಕಿಸುವುದಕ್ಕೆ ಮುಂಚೆ ಮುಗಿದುಹೋಗುವ ಹೊತ್ತಿನಲ್ಲಿ, ಮೂಗಿನಿಂದ ಒಂದು ಗೇಣು ದೂರದಲ್ಲಿ. ವಿಷಲ್ ಇಲ್ಲ, ಸೇಫ್ಟಿ ವಾಲ್ವೂ ಇಲ್ಲ. ನನ್ನದು ಹಳೇ ಕಾಲದ ಉಕ್ಕು, ಹಳೇ ಕಾಲದ ಬೀಗ, ಅದಕ್ಕೆ ಮಿತಿ ಇನ್ನೂ ಕೆಳಗೆ. ಪುಸ್ತಕದಲ್ಲಿರುವ ಅತಿ ಕಡಿಮೆ ತೂಕದಿಂದ ಶುರು ಮಾಡುತ್ತೇನೆ, ಗರಿಷ್ಠದ ಹತ್ತಿರಕ್ಕೂ ಹೋಗುವುದಿಲ್ಲ. ಹಾರಿಸಿದ ಮೇಲೆ ಕೇಪು ಚಪ್ಪಟೆಯಾಗಿದ್ದರೆ, ಖಾಲಿ ತೋಟಾ ಹೊರಬರಲು ತಕರಾರು ಮಾಡಿದರೆ, ಅಲ್ಲಿಗೆ ನಿಲ್ಲಿಸಿ ಮನೆಗೆ ಬರುತ್ತೇನೆ. ಕೆಲವು ಸಲ ಆ ಲಕ್ಷಣಗಳೂ ಕಾಣಿಸುವುದಿಲ್ಲ, ಅದಕ್ಕೇ ಪುಸ್ತಕ ಬಿಟ್ಟು ಹೋಗಬಾರದು.

ಅಲ್ಲಿಗೆ ನನಗೆ ಅರ್ಧ ಧೈರ್ಯ ಬಂತು. ಇದು ಎದೆಗಾರರ ಹವ್ಯಾಸವಲ್ಲ, ಪುಕ್ಕಲರದು. ನಮ್ಮ ವಂಶದಲ್ಲಿ ಪುಕ್ಕಲುತನಕ್ಕೆ ಎಂದೂ ಬರ ಬಂದಿಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಸೌತ್ ಎಂಡ್ ಸರ್ಕಲ್ಲಿನಿಂದ ಆಟೋ ತಿರುಗಿಸಿ ಮನೆಗೆ ಬರುವ ತಾಯಿಯ ಮಗ ಅವನು. ಆ ರೋಗ ಕಡೆಗೂ ಎಲ್ಲೋ ಒಂದು ಕಡೆ ಉಪಯೋಗಕ್ಕೆ ಬಂತಲ್ಲ!

ಆದರೆ ಅಕ್ಕನಿಗೆ ಆಸಕ್ತಿ ಹುಟ್ಟಿದ್ದು ಒತ್ತಡದಲ್ಲಲ್ಲ, ಹಿತ್ತಾಳೆಯಲ್ಲಿ. ತೋಟಾದ ಹಿತ್ತಾಳೆ ಎಂದರೆ ನೂರರಲ್ಲಿ ಎಪ್ಪತ್ತು ತಾಮ್ರ, ಮೂವತ್ತು ಸತು. ಈಡಾದಾಗ ಅದು ಉಬ್ಬಿ ಕೋವಿಯ ಒಳಗೋಡೆಗೆ ಒತ್ತಿಕೊಂಡು ಹಿಂದಕ್ಕೆ ಗಾಳಿ ನುಗ್ಗದಂತೆ ಮುಚ್ಚುತ್ತದೆ, ಮರುಕ್ಷಣ ತುಸು ಕುಗ್ಗಿ ಹೊರಬರಲು ದಾರಿ ಕೊಡುತ್ತದೆ. ಪ್ರತಿ ಸಲ ಉಬ್ಬಿ ಕುಗ್ಗಿ, ಮತ್ತೆ ಅಚ್ಚಿನಲ್ಲಿ ಅಮುಕಿಸಿಕೊಂಡು, ಅದು ಬಿರುಸಾಗುತ್ತ ಹೋಗುತ್ತದೆ. ಒಂದು ದಿನ ಬಾಯಿ ಸೀಳುತ್ತದೆ. ಅದಕ್ಕೇ ಕೆಲವು ಸುತ್ತಿನ ಮೇಲೆ ಬಾಯಿಯನ್ನಷ್ಟೇ ಬೆಂಕಿಗೆ ಹಿಡಿದು ಮೆದು ಮಾಡುತ್ತಾನೆ. ಬುಡಕ್ಕೆ ಮಾತ್ರ ಬಿಸಿ ತಾಗಕೂಡದು, ಬುಡ ಮೆದುವಾದರೆ ಒತ್ತಡ ತಡೆಯುವುದು ಯಾರು? ಒಳಗಿನ ಗೋಡೆ ಬುಡದ ಹತ್ತಿರ ಸವೆದಿದೆಯೇ ಎಂದು ನೋಡಲು ಅವನ ಉಪಕರಣ ಒಂದು ಕಾಗದದ ಕ್ಲಿಪ್ಪು. ತುದಿ ಬಗ್ಗಿಸಿ ಒಳಗೆ ಇಳಿಸಿ ಎಳೆದರೆ, ಸವೆದ ಕಡೆ ತಗ್ಗಿಗೆ ಸಿಕ್ಕಿ ನಿಲ್ಲುತ್ತದೆ. ನಿಂತರೆ ಆ ತೋಟಾ ಗುಜರಿಗೆ. ಇಷ್ಟು ಸಾವಿರ ಡಾಲರಿನ ಸರಂಜಾಮಿನ ನಡುವೆ ನನಗೆ ಗೌರವ ಬಂದದ್ದು ಆ ಕ್ಲಿಪ್ಪಿನ ಮೇಲೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಅದರಿಂದ ಕಿವಿ ಕೆರೆದುಕೊಂಡದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ.

"ಹಾಗಾದ್ರೆ ಹುಣಸೆಹಣ್ಣು?" ಎಂದಳು ಅಕ್ಕ. ಹುಳಿ ಆಗಬಹುದಂತೆ. ಅಲ್ಲಿಯವರು ನಿಂಬೆಯ ಹುಳಿಯ ಪುಡಿಯನ್ನೇ ನೀರಿಗೆ ಹಾಕಿ ತೊಳೆಯುತ್ತಾರೆ. ಬಹಳ ಹೊತ್ತು ನೆನೆಸಿಟ್ಟರೆ ಮಾತ್ರ ಸತು ಬಿಟ್ಟುಕೊಂಡು ಹಿತ್ತಾಳೆ ಕೆಂಪಡರುತ್ತದೆ. ಅಕ್ಕ ಎದ್ದು ಹೋಗಿ ದೇವರ ಮನೆಯಿಂದ ಕೆಂಪಡರಿದ ಪಂಚಪಾತ್ರೆ ತಂದು ಕ್ಯಾಮೆರಾಕ್ಕೆ ಹಿಡಿದಳು. ಹಿಂದಿನ ದಿನ ಕೆಲಸದಾಕೆ ನೆನೆಸಿಟ್ಟು ಊರಿಗೆ ಹೋಗಿದ್ದಳಂತೆ. ತಾಯಿ ಮಗ ಇಬ್ಬರೂ ಅದನ್ನು ಅರ್ಧ ಗಂಟೆ ಚರ್ಚಿಸಿದರು. ಅವನು ಅಮೆರಿಕಕ್ಕೆ ಹೋದಮೇಲೆ ಅವರಿಬ್ಬರು ಊಟ ಆಯ್ತಾ, ಚಳಿ ಇದೆಯಾ ಬಿಟ್ಟು ಬೇರೆ ವಿಷಯ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಅಕ್ಕ ಬನಶಂಕರಿ ಗುಡಿಯ ಭಕ್ತೆ. ರಾಹುಕಾಲದಲ್ಲಿ ಅಲ್ಲಿ ನಿಂಬೆಹಣ್ಣಿನ ಸಿಪ್ಪೆಯನ್ನು ಒಳಹೊರಗು ಮಾಡಿ ದೀಪ ಹಚ್ಚುತ್ತಾರಲ್ಲ, ಅದಕ್ಕಾಗಿ ಮನೆಯಲ್ಲೇ ನಿಂಬೆ ಹಿಂಡಿಕೊಂಡು ಹೋಗುತ್ತಾಳೆ. ಆ ರಸ ಮೊದಲು ಪಾನಕವಾಗುತ್ತಿತ್ತು. ಭಾವನವರಿಗೆ ಸಕ್ಕರೆ ಕಾಯಿಲೆ ಬಂದಮೇಲೆ ಅದು ಹಿತ್ತಾಳೆಗೆ. "ನೋಡು, ನಿನ್ನ ತೋಟಾಗೂ ಅಮ್ಮನವರ ಪ್ರಸಾದವೇ" ಎಂದಳು. ಅವನು ಬೇಡವೆಂದದ್ದು ಒಂದನ್ನೇ, ಬ್ರಾಸೋ. ಬಾಗಿಲಿನ ಹೆಸರಿನ ಫಲಕಕ್ಕೆ ಭಾವ ತಿಕ್ಕುತ್ತಿದ್ದ ಆ ಬ್ರಾಸೋದ ಮೂಗಿಗೆ ಹೊಡೆಯುವ ವಾಸನೆ ಅಮೋನಿಯಾದ್ದು. ಒಳಗೆ ಬಿಗುವು ಉಳಿದ ಹಿತ್ತಾಳೆಗೂ ಅಮೋನಿಯಾಕ್ಕೂ ಆಗಿಬರುವುದಿಲ್ಲ.

ಇದು ಪತ್ತೆಯಾದ ಕತೆ ನಮ್ಮ ದೇಶದ್ದೇ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷ್ ಸೈನ್ಯದವರು ಮಳೆಗಾಲ ಬಂತೆಂದರೆ ಪೆಟ್ಟಿಗೆಗಟ್ಟಲೆ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ನಿಂತಮೇಲೆ ತೆಗೆದು ನೋಡಿದರೆ, ಯಾರೂ ಮುಟ್ಟದ ಹೊಚ್ಚ ಹೊಸ ತೋಟಾಗಳ ಮೈಯಲ್ಲಿ ಬಿರುಕು. ಮಳೆಗಾಲದ ಕಾಯಿಲೆ ಎಂದೇ ಅದಕ್ಕೆ 'ಸೀಸನ್ ಕ್ರ್ಯಾಕಿಂಗ್' ಎಂಬ ಹೆಸರು ಬಿತ್ತು. ಕಾರಣ ಬಗೆಹರಿದದ್ದು 1921ರಲ್ಲಿ: ಕುದುರೆ ಮೂತ್ರದ ಅಮೋನಿಯಾ, ಜೊತೆಗೆ ತೋಟಾವನ್ನು ಎಳೆದು ರೂಪಿಸುವಾಗ ಅದರೊಳಗೆ ಉಳಿದುಹೋದ ಬಿಗುವು. ಒಂದು ಸಾಮ್ರಾಜ್ಯದ ಮದ್ದುಗುಂಡನ್ನು ಕುದುರೆಗಳು ನಿಂತಲ್ಲೇ ನಿಂತು ಹಾಳುಮಾಡಿದ್ದನ್ನು ಯಾವ ಪಠ್ಯಪುಸ್ತಕವೂ ಸ್ವಾತಂತ್ರ್ಯ ಹೋರಾಟದ ಅಧ್ಯಾಯಕ್ಕೆ ಸೇರಿಸಿಲ್ಲ.

ನಮ್ಮ ಸೆಖೆಯೂ ಅವರನ್ನು ಕಾಡಿದೆ. ನೀಲಗಿರಿಯ ಅರುವಂಕಾಡಿನಲ್ಲಿ ಬ್ರಿಟಿಷರು ಕಟ್ಟಿದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಕಾರ್ಡೈಟ್ ಎಂಬ ಮದ್ದು ಬಿಸಿಲಿಗೆ ಬಿಸಿಯಾದಷ್ಟೂ ಹೆಚ್ಚು ಒತ್ತಡ ಹುಟ್ಟಿಸುವಂಥದು. ಇಂಗ್ಲೆಂಡಿನ ಚಳಿಯಲ್ಲಿ ಸಭ್ಯವಾಗಿದ್ದ ತೋಟಾ ನಮ್ಮ ಬಿಸಿಲಿನಲ್ಲಿ ಬಂದೂಕಿಗೆ ಅಂಟಿಕೊಳ್ಳುತ್ತಿತ್ತು. ಕೊನೆಗೆ ಕಂಪನಿಗಳು ಉಷ್ಣದೇಶಗಳಿಗೆಂದೇ ಮದ್ದು ಕಡಿಮೆ ಹಾಕಿದ ತೋಟಾ ಮಾಡತೊಡಗಿದವು. ಹುಡುಗ ಇದನ್ನು ಓದಿ, ಟೆಕ್ಸಾಸಿನ ಬಿಸಿಲಿಗೆ ಹೆದರಿ, ತೋಟಾದ ಡಬ್ಬಿಯನ್ನು ಕಾರಿನ ಡಿಕ್ಕಿಯಲ್ಲಿಡದೆ ಮಡಿಲಲ್ಲಿಟ್ಟುಕೊಂಡು ಎಸಿ ಹಾಕಿಕೊಂಡು ಹೋಗುತ್ತಾನಂತೆ. ಮಡಿಲಲ್ಲಿ ಎಂಬುದನ್ನು ಅಕ್ಕನಿಗೆ ಹೇಳಿಲ್ಲ, ನನಗೆ ಮಾತ್ರ.

ಕಳೆದ ಚಳಿಗಾಲದಲ್ಲಿ ಅವನು ರಜಕ್ಕೆ ಬಂದ. ಬರುವ ಮುಂಚೆ, ನಿಮಗೊಂದು ಖಾಲಿ ತೋಟಾವನ್ನು ನೆನಪಿಗೆ ತರುತ್ತೇನೆ, ಕೀ ಗೊಂಚಲಿಗೆ ಹಾಕಿಕೊಳ್ಳಿ ಮಾಮ, ಎಂದಿದ್ದ. ಅಕ್ಕ ಗುಡುಗಿದಳು. ವಿಮಾನ ನಿಲ್ದಾಣದಲ್ಲಿ ಬ್ಯಾಗಿನಲ್ಲಿ ಮರೆತ ಒಂದೇ ಗುಂಡಿಗೆ ಸಿಕ್ಕಿಬಿದ್ದು ಠಾಣೆ ಕಂಡವರ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ಅವಳು ಕತ್ತರಿಸಿ ಇಟ್ಟುಕೊಂಡಿದ್ದಳು. ಖಾಲಿಯೋ ತುಂಬಿದ್ದೋ, ಅದನ್ನು ಅಲ್ಲಿ ನಿಂತು ವಿವರಿಸುವುದು ಯಾರು? ಹಾಗಾಗಿ ಅವನು ತಂದದ್ದು ತೋಟಾವನ್ನಲ್ಲ, ತಕ್ಕಡಿಯನ್ನು. ಮದ್ದು ತೂಗುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ, ಹೊಚ್ಚ ಹೊಸದು, ಒಂದು ಗ್ರೇನಿನ ಹತ್ತನೇ ಒಂದು ಭಾಗದವರೆಗೆ ತೋರಿಸುತ್ತದೆ. ಜೊತೆಗೊಂದು ತೂಕದ ಬಿಲ್ಲೆ, ತಕ್ಕಡಿ ಸುಳ್ಳು ಹೇಳುತ್ತಿಲ್ಲವೆಂದು ಮೊದಲು ಪರೀಕ್ಷಿಸಲು. ಗ್ರೇನ್ ಎಂದರೆ 65 ಮಿಲಿಗ್ರಾಮಿಗೆ ಕೂದಲೆಳೆ ಕಡಿಮೆ.

ಅಕ್ಕನ ಮುಖ ಅರಳಿತು. ಯಾಕೆಂದರೆ ಹಳೆಯ ತೊಲಕ್ಕೆ 180 ಗ್ರೇನ್, 1833ರಲ್ಲಿ ಕಂಪನಿ ಸರ್ಕಾರ ಬೆಳ್ಳಿ ರೂಪಾಯಿಗೆ ಗೊತ್ತುಮಾಡಿದ ತೂಕ. "ನಮ್ಮಲ್ಲಿ .30-06ಗೆ ಜಾಸ್ತಿ ಖರ್ಚಾಗೋ ಗುಂಡೂ 180 ಗ್ರೇನೇ ಅಮ್ಮ" ಎಂದ ಮಗ. "ಅಂದ್ರೆ ಒಂದೊಂದು ಸಲ ಒಂದೊಂದು ತೊಲ ಹಾರಿಸ್ತೀರಾ ನೀವುಗಳು!" ಎಂದು ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡಳು. ಸೀಸ, ತಾಮ್ರ ಅಷ್ಟೇ ಎಂದು ಸಮಾಧಾನ ಮಾಡಬೇಕಾಯಿತು. ಈಗಿನ ಅಂಗಡಿಗಳಲ್ಲಿ ಹತ್ತು ಗ್ರಾಮಿಗೇ ತೊಲ ಎನ್ನುತ್ತಾರೆ, ಅಕ್ಕ ಅದನ್ನು ಒಪ್ಪುವವಳಲ್ಲ. ಅಜ್ಜಿ ಕೊಟ್ಟ ಬಳೆಗಳನ್ನು ಬೀರುವಿನಿಂದ ತೆಗೆದು ತಂದಳು, ಎರಡೆರಡು ತೊಲದ್ದು. ಮೊದಲು ಬಿಲ್ಲೆ ಇಟ್ಟು ಪರೀಕ್ಷಿಸಿದಳು, ಸೊನ್ನೆಗೆ ತಂದಳು, ಫ್ಯಾನು ಆರಿಸಿದಳು, ನನಗೆ ಉಸಿರು ಆಚೆ ಕಡೆ ಬಿಡಲು ಹೇಳಿದಳು. ಬಳೆ ಇಟ್ಟಳು. 358.6.

"ಒಂದು ಪಾಯಿಂಟ್ ನಾಲ್ಕು ಗ್ರೇನು ಸವೆದಿದೆ" ಎಂದು ಬಾಯಿಲೆಕ್ಕದಲ್ಲೇ ಹೇಳಿ, ಇನ್ನೊಂದು ಬಳೆ ಕೈಗೆತ್ತಿಕೊಳ್ಳುವಷ್ಟರಲ್ಲಿ ಎದುರು ಮನೆಯಾಕೆ ಸರ ಹಿಡಿದು ಬಾಗಿಲಲ್ಲಿದ್ದರು, ಅವರ ಹಿಂದೆ ಮೂಲೆಮನೆಯವರು ಓಲೆಯ ಡಬ್ಬಿ ಹಿಡಿದು. ಹುಡುಗ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ, ಒಂದು ಸಲಕ್ಕೆ ಒಂದೇ ಪದಾರ್ಥ ಮೇಜಿನ ಮೇಲಿರಬೇಕು, ಮಿಕ್ಕದ್ದನ್ನು ದಯವಿಟ್ಟು ಕೈಯಲ್ಲೇ ಹಿಡಿದುಕೊಳ್ಳಿ ಆಂಟಿ.